ಅಣಶಿಯ ದಾರಿ, ಉಳವಿಯ ಬಾಗಿಲು, ಬೇಸಿಗೆಯ ಅತಿಥಿ

ದಾಸೋಹವೆಂದ ಕೂಡಲೇ ಭಕ್ತರ ಕಣ್ಣಮುಂದೆ ಬರುವುದು ಹೊಗೆಯಾಡುವ ಒಲೆ, ಹರಿವಾಣದ ತುಂಬ ಅನ್ನ, ಸಾಲಾಗಿ ಕುಳಿತ ಪಂಕ್ತಿ. ಇದು ತಪ್ಪಲ್ಲ. ಹಸಿದು ಬಂದವನಿಗೆ ಮೊದಲು ಅನ್ನವನ್ನೇ ಕೊಡಬೇಕು. ಆದರೆ ಶರಣರು ದಾಸೋಹವನ್ನು ಅನ್ನಕ್ಕೆ ಮಾತ್ರ ಕಟ್ಟಿಹಾಕಲಿಲ್ಲ. ತನು, ಮನ, ಧನವೆಂಬ ಮೂರನ್ನೂ ಅವರು ಅದರೊಳಗೆ ತಂದರು. ಧನವನ್ನು ಕೊಡುವ ಭಕ್ತರು ಇಂದು ಎಲ್ಲೆಡೆ ಇದ್ದಾರೆ. ಅವರ ಹೆಸರು ಗೋಡೆಯ ಮೇಲಿನ ಕಲ್ಲಿನಲ್ಲಿ ಕಾಣುತ್ತದೆ. ತನುವನ್ನು ಕೊಡುವವರು ಜಾತ್ರೆಯ ಹೊತ್ತಿಗೆ ಸಿಗುತ್ತಾರೆ. ಆದರೆ ಜಾತ್ರೆಯಿಲ್ಲದ ಒಂದು ಸಾಮಾನ್ಯ ದಿನ, ಒಂದು ಪುರಾತನ ಕ್ಷೇತ್ರದ ಬಾಗಿಲಲ್ಲಿ ಕುಳಿತು, ಗುರುತಿಲ್ಲದ ಪ್ರವಾಸಿಯನ್ನು ಬರಮಾಡಿಕೊಂಡು, ಅವನು ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರಿಸುವ ಸೇವೆಯನ್ನು ದಾಸೋಹವೆಂದು ಎಣಿಸುವವರು ಎಷ್ಟು ಜನ?

ಈ ಪ್ರಶ್ನೆಯನ್ನು ಅಣಶಿಯಿಂದ ಆರಂಭಿಸುವುದು ಉಚಿತ. ಕಾರವಾರದಿಂದ ಕದ್ರಾ ದಾಟಿ ಘಟ್ಟವನ್ನು ಏರಿ ಬರುವವರಿಗೆ ಮೊದಲು ಸಿಗುವ ಊರು ಅಣಶಿ. ಜೋಯಿಡಾ ತಾಲ್ಲೂಕಿನ ಈ ಸಣ್ಣ ಊರಿನ ಹೆಸರು ಹೊರಗಿನವರಿಗೆ ತಿಳಿದದ್ದು ಕಾಡಿನಿಂದಾಗಿ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವು ರೂಪುಗೊಂಡಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಸೇರಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ನದಿಯ ಹೆಸರೇ ಬಂದಿತು. ಮಳೆಗಾಲದಲ್ಲಿ ಈ ಘಟ್ಟದ ಸ್ವರೂಪವೇ ಬೇರೆ. ಮಂಜು ರಸ್ತೆಯನ್ನು ನುಂಗುತ್ತದೆ, ಮಣ್ಣು ಕುಸಿದರೆ ಸಂಚಾರವೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಮಾತ್ರ ದಾರಿ ಎಲ್ಲರಿಗೂ ತೆರೆದಿರುತ್ತದೆ. ಶಾಲೆಗಳಿಗೆ ರಜೆ ಬಿದ್ದೊಡನೆ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಗೋವೆಯಿಂದ ಕಾರುಗಳು ಬರುತ್ತವೆ. ಕೆಲವರು ದಾಂಡೇಲಿಯ ಹೊಳೆಯಾಟಕ್ಕೆ, ಕೆಲವರು ಅಣಶಿಯ ಕಾಡಿನಲ್ಲಿ ಹಕ್ಕಿ ನೋಡಲು, ಕೆಲವರು ಸುಮ್ಮನೆ ತಂಪನ್ನು ಹುಡುಕಿಕೊಂಡು ಬರುತ್ತಾರೆ. ಅಣಶಿಯಿಂದ ಜೋಯಿಡಾದ ಕಡೆಗೆ ಹೋಗುವಾಗ ಕುಂಬಾರವಾಡ ಬರುತ್ತದೆ. ಅಲ್ಲಿಂದ ಕವಲೊಡೆಯುವ ದಾರಿ ಉಳವಿಗೆ ಕರೆದೊಯ್ಯುತ್ತದೆ. ಫಲಕ ಕಂಡವರಲ್ಲಿ ಹಲವರು “ಹೇಗಿದ್ದರೂ ಬಂದಿದ್ದೇವೆ, ಒಮ್ಮೆ ನೋಡಿಬಿಡೋಣ” ಎಂದು ತಿರುಗುತ್ತಾರೆ.

ಹೀಗೆ ತಿರುಗುವವರೇ ಈ ಬರಹದ ಅತಿಥಿಗಳು. ಅವರು ಹರಕೆ ಹೊತ್ತು ಬಂದವರಲ್ಲ. ಅವರಲ್ಲಿ ಅನೇಕರಿಗೆ ಇಷ್ಟಲಿಂಗವೆಂದರೇನು ಎಂಬುದೂ ತಿಳಿದಿರಲಾರದು. ಕಾಲುಗಂಟೆ ಗುಡಿಯಲ್ಲಿ ನಿಂತು, ಕೈಮುಗಿದು, ಹೊರಬಂದು, ಚಪ್ಪಲಿ ಮೆಟ್ಟುತ್ತ ಪಕ್ಕದವರನ್ನು “ಇದ್ಯಾವ ದೇವ್ರು ರೀ?” ಎಂದು ಕೇಳುತ್ತಾರೆ. ಕೇಳುವ ಬಾಯಲ್ಲಿ ಅವಜ್ಞೆ ಇರುವುದಿಲ್ಲ. ನಿಜವಾಗಿ ತಿಳಿಯಬೇಕೆಂಬ ಆಸೆಯೇ ಇರುತ್ತದೆ. ಆ ಕ್ಷಣದಲ್ಲಿ ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿದ್ದರೆ ಆ ಕುಟುಂಬ ಒಂದು ಶತಮಾನದ ಕಥೆಯನ್ನು ಹೊತ್ತು ಹಿಂದಿರುಗುತ್ತದೆ. ನಿಂತಿರದಿದ್ದರೆ ಒಂದು ಭಾವಚಿತ್ರವನ್ನು ಹೊತ್ತು ಹಿಂದಿರುಗುತ್ತದೆ, ಅಷ್ಟೆ.

ಉಳವಿಯಲ್ಲಿ ಹೇಳಬೇಕಾದದ್ದು ಸಣ್ಣದೇನಲ್ಲ. ಇದು ಚೆನ್ನಬಸವಣ್ಣನವರ ಐಕ್ಯಸ್ಥಳ. ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಮಗ, ಕಿರಿಯ ವಯಸ್ಸಿನಲ್ಲೇ ಅನುಭವಮಂಟಪದ ಹಿರಿಯರ ನಡುವೆ ಕುಳಿತು ಮಾತಾಡಿದವರು, ಅಲ್ಲಮಪ್ರಭುಗಳ ನಂತರ ಶೂನ್ಯಸಿಂಹಾಸನದ ಹೊಣೆ ಹೊತ್ತವರು, ಅವಿರಳಜ್ಞಾನಿಯೆಂದು ಕರೆಸಿಕೊಂಡವರು ಅವರು. ಷಟ್‌ಸ್ಥಲ ಸಿದ್ಧಾಂತಕ್ಕೆ ಇಂದು ಕಾಣುವ ಕ್ರಮಬದ್ಧ ರೂಪ ಬಂದದ್ದು ಬಹುಮಟ್ಟಿಗೆ ಅವರಿಂದಲೇ. ‘ಕೂಡಲಚೆನ್ನಸಂಗಮದೇವ’ ಅಂಕಿತದ ಅವರ ವಚನಗಳು ಸಾವಿರದ ಏಳುನೂರಕ್ಕೂ ಹೆಚ್ಚು ಉಳಿದು ಬಂದಿವೆ. ‘ಕರಣಹಸಿಗೆ’ಯಂತಹ ಶಾಸ್ತ್ರಕೃತಿಯೂ ಅವರ ಹೆಸರಿನಲ್ಲಿದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹರಳಯ್ಯ ಮಧುವಯ್ಯರ ಮಕ್ಕಳ ವಿವಾಹ, ಅದರ ಬೆನ್ನಿಗೆ ಬಂದ ಎಳೆಹೂಟೆಯ ಶಿಕ್ಷೆ, ಬಿಜ್ಜಳನ ಕೊಲೆ, ಸೈನ್ಯದ ಬೆನ್ನಟ್ಟುವಿಕೆ, ಈ ಎಲ್ಲದರ ಕೊನೆಯಲ್ಲಿ ಶರಣರು ಚದುರಿದರು. ಒಂದು ಗುಂಪು ಪಡುವಣ ದಿಕ್ಕಿಗೆ ನಡೆಯಿತು. ಕಾದರವಳ್ಳಿಯಲ್ಲಿ ಕಾದಾಟವಾಯಿತು, ಮಲಪ್ರಭೆಯ ದಂಡೆಯ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರು ಐಕ್ಯರಾದರು, ಉಳಿದವರು ಸಹ್ಯಾದ್ರಿಯ ಈ ದಟ್ಟಡವಿಯನ್ನು ಹೊಕ್ಕು ವಚನದ ಕಟ್ಟುಗಳನ್ನು ಕಾಪಾಡಿದರು ಎಂಬುದು ಪರಂಪರೆಯ ಮಾತು. ಶರಣರು ಉಳಿದ ನೆಲವಾದುದರಿಂದ ಉಳವಿ ಎಂದು ಜನ ಹೆಸರಿನ ಅರ್ಥವನ್ನೂ ಹೇಳುತ್ತಾರೆ.

ಗುಡಿಯ ಸುತ್ತಲಿನ ಕಾಡಿನಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆಯ ಗವಿ, ವಿಭೂತಿ ಕಣಜ, ಹರಳಯ್ಯನ ಚಿಲುಮೆ ಎಂಬ ಹೆಸರುಗಳಿವೆ. ಇವು ಬರಿಯ ಹೆಸರುಗಳಲ್ಲ. ಚರ್ಮದ ಕಾಯಕದವನೊಬ್ಬನ ಹೆಸರಿನಲ್ಲಿ ನೀರಿನ ಚಿಲುಮೆಯೊಂದು ಕರೆಯಲ್ಪಡುವುದು, ಆ ನೀರನ್ನು ಎಲ್ಲರೂ ಕುಡಿಯುವುದು, ನೀರಿನ ಮಡಿಮೈಲಿಗೆಯ ಲೆಕ್ಕ ಇನ್ನೂ ಮುಗಿಯದ ಈ ನಾಡಿನಲ್ಲಿ ಎಷ್ಟು ದೊಡ್ಡ ಮಾತು! ಅದನ್ನು ಹೇಳುವವರಿಲ್ಲದೆ ಹೋದರೆ ಚಿಲುಮೆ ಕೇವಲ ಚಿಲುಮೆಯಾಗಿ ಉಳಿಯುತ್ತದೆ.

ಮಾಘಮಾಸದಲ್ಲಿ ಈ ಕೊರತೆ ಯಾರಿಗೂ ಕಾಣದು. ಭರತ ಹುಣ್ಣಿಮೆಯ ಹೊತ್ತಿನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ, ಗದಗ ಸೀಮೆಗಳ ಒಕ್ಕಲುಮಕ್ಕಳು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಂಡಿಯಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಮಾದಲಿಯ ಬುತ್ತಿ. ಹಳಿಯಾಳ ದಾಂಡೇಲಿಗಳ ಮೇಲೆ ಹಾಯ್ದು ಹೋಗುವಾಗ ದಾರಿಯ ಊರುಗಳವರು ಎತ್ತಿಗೆ ನೀರು, ಜನರಿಗೆ ಅಂಬಲಿ ಕೊಡುವುದುಂಟು. ಅಲ್ಲಿ ಬಂದವರೆಲ್ಲರೂ ಬಲ್ಲವರೇ. ಅಜ್ಜ ಮೊಮ್ಮಗನಿಗೆ ಹೇಳುತ್ತಾನೆ, ಅತ್ತೆ ಸೊಸೆಗೆ ಹೇಳುತ್ತಾಳೆ. ಬಂಡಿಯ ಪಯಣವೇ ಅವರ ಪಾಠಶಾಲೆ. ಆದರೆ ಚೈತ್ರ ವೈಶಾಖಗಳಲ್ಲಿ ಕಾರಿನಲ್ಲಿ ಬರುವ ಮಗುವಿಗೆ ಅಜ್ಜನ ಬಂಡಿ ಇಲ್ಲ. ಅದಕ್ಕೆ ಯಾರು ಹೇಳಬೇಕು?

ಇಲ್ಲಿ ದೂರದ ಒಂದು ಉದಾಹರಣೆಯನ್ನು ನೆನೆಯಬಹುದು. ಯುರೋಪಿನ ಉತ್ತರದ ಫಿನ್‌ಲೆಂಡ್ ದೇಶದಲ್ಲಿ ಹೆಚ್ಚಿನ ಜನ ಲೂಥರನ್ ಚರ್ಚಿಗೆ ಸೇರಿದವರು. ಅಲ್ಲಿನ ಪೆಟಾಯವೇಸಿ ಎಂಬ ಊರಿನಲ್ಲಿ 1763ರಿಂದ 1765ರವರೆಗೆ ಊರವರೇ ಮರದ ದಿಮ್ಮಿಗಳಿಂದ ಕಟ್ಟಿಕೊಂಡ ಹಳೆಯ ಚರ್ಚೊಂದಿದೆ. ಕಟ್ಟಿದವನು ಹಳ್ಳಿಯ ಬಡಗಿ. ಆಗಿನ ಸ್ವೀಡನ್ ದೊರೆತನದ ಅಪ್ಪಣೆಗೂ ಅವರು ಕಾಯಲಿಲ್ಲ. ಬೇಸಿಗೆಯಲ್ಲಿ ದೋಣಿಯಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಜನ ಅಲ್ಲಿಗೆ ಬರುತ್ತಿದ್ದರು. 1879ರಲ್ಲಿ ಹೊಸ ಚರ್ಚು ಎದ್ದ ಮೇಲೆ ಹಳೆಯದನ್ನು ಕೇಳುವವರಿರಲಿಲ್ಲ. 1920ರ ದಶಕದಲ್ಲಿ ಆಸ್ಟ್ರಿಯದ ಕಲಾಚರಿತ್ರೆಕಾರ ಯೋಸೆಫ್ ಸ್ಟ್ರಿಗೊವ್‌ಸ್ಕಿ ಅದರ ಬೆಲೆಯನ್ನು ಎತ್ತಿ ತೋರಿದ ಮೇಲೆ ದುರಸ್ತಿಯಾಯಿತು. 1994ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗಿನವನೊಬ್ಬ ಬಂದು ಹೇಳುವ ತನಕ ಮನೆಯವರಿಗೆ ಮನೆಯ ಬೆಲೆ ತಿಳಿಯದಿರುವುದು ಆ ದೇಶಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಆ ಚರ್ಚಿನಲ್ಲಿ ಬಿಸಿ ಮಾಡುವ ಒಲೆಯಿಲ್ಲ. ಆದುದರಿಂದ ಅದರ ಜೀವನವೆಲ್ಲ ಬೇಸಿಗೆಯಲ್ಲಿ. ಅದೊಂದೇ ಅಲ್ಲ, ಆ ದೇಶದ ಇನ್ನೂರಕ್ಕೂ ಹೆಚ್ಚು ಚರ್ಚುಗಳು ಬೇಸಿಗೆಯ ವಾರಗಳಲ್ಲಿ ‘ದಾರಿಯ ಚರ್ಚು’ ಎಂಬ ಹೆಸರಿನಿಂದ ಬಾಗಿಲು ತೆರೆದಿರುತ್ತವೆ. ಹೆದ್ದಾರಿಯಲ್ಲಿ ಹೋಗುವವನು ಫಲಕ ಕಂಡು ವಾಹನ ನಿಲ್ಲಿಸಿ ಒಳಗೆ ಬಂದರೆ ಅಲ್ಲಿ ಯಾರಾದರೊಬ್ಬರು ಕುಳಿತಿರುತ್ತಾರೆ. ಆ ಊರಿನ ನಿವೃತ್ತರೋ, ರಜೆಯಲ್ಲಿರುವ ವಿದ್ಯಾರ್ಥಿಯೋ ಆಗಿರಬಹುದು. ಅವರು ಬೋಧಕರಲ್ಲ, ಪೂಜಾರಿಗಳಲ್ಲ, ಮತಕ್ಕೆ ಸೇರಿಸುವವರೂ ಅಲ್ಲ. ನಮಸ್ಕಾರ ಹೇಳುತ್ತಾರೆ, ಕೇಳಿದರೆ ಕಟ್ಟಡದ ಕಥೆ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನಿರುತ್ತಾರೆ. ಬಂದವನು ನಂಬುವವನೋ ನಂಬದವನೋ ಎಂದು ವಿಚಾರಿಸುವುದಿಲ್ಲ. ಜರ್ಮನಿಯ ಲೂಥರನ್ ಊರುಗಳಲ್ಲಿಯೂ ಬಾಗಿಲನ್ನು ನಂಬಿಕೆಗೆ ತಕ್ಕಂತೆ ತೆರೆದಿಡುವ ಇಂತಹ ಪದ್ಧತಿ ಇದೆ. ಭಾನುವಾರದ ಪ್ರಾರ್ಥನೆಗೆ ಬರುವವರ ಸಂಖ್ಯೆ ಅಲ್ಲಿ ಇಳಿಯುತ್ತ ಬಂದಿದೆ. ಆದರೂ ಬಾಗಿಲು ತೆರೆದಿಡುವ ಸೇವೆಗೆ ಜನ ಬರುತ್ತಾರೆ ಎಂಬುದು ಗಮನಿಸತಕ್ಕ ಸಂಗತಿ.

ಲೂಥರನ ಹೆಸರು ಬಂದೊಡನೆ ಸಭೆಗಳಲ್ಲಿ ಕೇಳಿಬರುವ ಒಂದು ಹೋಲಿಕೆ ನೆನಪಾಗುತ್ತದೆ. 1517ರಲ್ಲಿ ವಿಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರನು ಎತ್ತಿದ ಪ್ರಶ್ನೆಗಳಿಗೂ ಅದಕ್ಕಿಂತ ಮೂರೂವರೆ ಶತಮಾನ ಮೊದಲು ಕಲ್ಯಾಣದಲ್ಲಿ ಎದ್ದ ಪ್ರಶ್ನೆಗಳಿಗೂ ಸಾಮ್ಯ ತೋರಿಸಿ, ಬಸವಣ್ಣನವರನ್ನು ಭಾರತದ ಲೂಥರ್ ಎಂದು ಕರೆದು ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡವೆಂದದ್ದು, ಜನರ ಆಡುಮಾತಿಗೆ ಧರ್ಮವನ್ನು ತಂದದ್ದು, ದಿನದ ದುಡಿಮೆಯಲ್ಲೇ ದೈವಸೇವೆಯನ್ನು ಕಂಡದ್ದು, ಇಷ್ಟು ಹೋಲಿಕೆ ನಿಜವೇ. ಆದರೆ ಮುಂದೆ ಬಂದವನ ಹೆಸರಿನಿಂದ ಮೊದಲು ಬಂದವರನ್ನು ಅಳೆಯುವುದು ಯಾವ ನ್ಯಾಯ? ರಾಜರ ಆಶ್ರಯ ಪಡೆದು ಗಟ್ಟಿಯಾದ ಚಳವಳಿಗೂ, ರಾಜನ ಸೈನ್ಯಕ್ಕೆ ಬೆನ್ನು ಕೊಟ್ಟು ಕಾಡು ಸೇರಿದ ಚಳವಳಿಗೂ ಇರುವ ಅಂತರ ಸಣ್ಣದಲ್ಲ. ಹೋಲಿಕೆ ಬಿಡೋಣ, ಕಲಿಯತಕ್ಕದ್ದನ್ನು ಮಾತ್ರ ಕಲಿಯೋಣ.

ಕಲಿಯುವುದಕ್ಕೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರಲ್ಲಿ ಬಹುಮಂದಿ ಲೂಥರನ್ ಸಂಪ್ರದಾಯದ ಜರ್ಮನ್ ಸೀಮೆಗಳಿಂದ ಬಂದವರು. ಬಂದ ಉದ್ದೇಶ ಮತಪ್ರಚಾರ; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಜನ ಕನ್ನಡವನ್ನು ಕಲಿತರು. ಹರ್ಮನ್ ಮೋಗ್ಲಿಂಗ್ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದಿತು. ವಿರೂಪಾಕ್ಷ ಪಂಡಿತನು 16ನೆಯ ಶತಮಾನದಲ್ಲಿ ರಚಿಸಿದ ‘ಚೆನ್ನಬಸವ ಪುರಾಣ’ವನ್ನು 1860ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಗ್ಲಿಷಿನ ಓದುಗರಿಗೆ ತಲುಪಿಸಿದವರು ಅದೇ ಮಿಷನ್ನಿನ ಜಿ. ವೂರ್ತ್. ಅಂದರೆ ಉಳವಿಯ ಚೆನ್ನಬಸವಣ್ಣನವರ ಪರಿಚಯವನ್ನು ಹೊರಜಗತ್ತು ಪಡೆದದ್ದು ಬಾಗಿಲಿಗೆ ಬಂದ ಅತಿಥಿಯ ಬಾಯಿಂದ. ಅವನು ತನಗೆ ಕಂಡಂತೆ, ತನ್ನ ಕಣ್ಣಿನ ಬಣ್ಣ ಬೆರೆಸಿ ಹೇಳಿದ. ಮನೆಯವರು ಹೇಳದಿದ್ದಾಗ ಬೇರೆಯವರು ಹೇಳಿಯೇ ಹೇಳುತ್ತಾರೆ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸುವ ಹೊತ್ತಿಗೆ ಪರಕೀಯರು ಬರೆದ ಮಾತುಗಳು ಪುಸ್ತಕಗಳಲ್ಲಿ ಬೇರುಬಿಟ್ಟಾಗಿದ್ದವು. ಇಂದು ಪ್ರವಾಸಿಯ ಕೈಯಲ್ಲಿ ಫೋನಿದೆ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಅವನು ಅದನ್ನೇ ಕೇಳುತ್ತಾನೆ, ಅದು ಯಾರೋ ಬರೆದದ್ದನ್ನು ಹೇಳುತ್ತದೆ.

ಆದುದರಿಂದ ಭಕ್ತರ ಮುಂದಿಡಬೇಕಾದ ಸೂಚನೆ ಸರಳವಾದುದು. ಬೇಸಿಗೆಯ ರಜೆಯಲ್ಲಿ, ಬಸವ ಜಯಂತಿಯಿಂದ ಹಿಡಿದು ಮಿರಗದ ಮಳೆ ಕೂಡುವವರೆಗೆ, ಉಳವಿಯ ಪರಿಸರದಲ್ಲಿ ಪ್ರತಿದಿನ ಇಬ್ಬರು ಬಲ್ಲವರು ಕುಳಿತಿರುವಂತೆ ಭಕ್ತರು ಸರದಿ ಹಚ್ಚಿಕೊಳ್ಳಬೇಕು. ಕ್ಷೇತ್ರವನ್ನು ನೋಡಿಕೊಳ್ಳುವ ಹಿರಿಯರ ಒಪ್ಪಿಗೆ ಪಡೆದು, ಅವರು ತೋರಿದ ಜಾಗದಲ್ಲಿ ಕುಳಿತುಕೊಳ್ಳಬೇಕು. ವೈಶಾಖದ ಅಕ್ಷಯ ತದಿಗೆಯಂದು ಬಸವ ಜಯಂತಿ ಬರುವುದು ರಜೆಯ ನಟ್ಟನಡುವೆ ಅಥವಾ ಅದರ ಆಸುಪಾಸಿನಲ್ಲಿ. ಅಂದು ಮೆರವಣಿಗೆಗೆ ತೋರುವ ಉತ್ಸಾಹದ ನೂರರಲ್ಲೊಂದು ಪಾಲು ಸಾಕು.

ಯಾರು ಬರಬಹುದು? ನಿವೃತ್ತ ಶಿಕ್ಷಕರು, ಶಿಕ್ಷಕಿಯರು ಮೊದಲಿಗರು. ಅವರಿಗೆ ಹೇಳುವ ಹದ ಗೊತ್ತು. ಕನ್ನಡ ಎಂ.ಎ. ಮಾಡುತ್ತಿರುವ ತರುಣರು ವಚನವನ್ನು ಪರೀಕ್ಷೆಗೆ ಓದಿದ್ದಾರೆ, ಕೇಳುವವನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಾಗ ಅದು ಅವರಿಗೇ ಹೊಸದಾಗಿ ತಿಳಿಯುತ್ತದೆ. ಶರಣೆಯರ ಕಥೆಯನ್ನು ಹೇಳಲು ತಾಯಂದಿರು ಬರಲೇಬೇಕು. ಅಕ್ಕನಾಗಮ್ಮನವರು ಮಗನೊಡನೆ, ಗುಂಪಿನೊಡನೆ ಈ ದಾರಿ ಸವೆಸಿದವರು. ಅವರ ಗವಿಯ ಮುಂದೆ ಗಂಡಸರಷ್ಟೇ ನಿಂತು ಮಾತಾಡುವುದು ಅಷ್ಟೇನೂ ಶೋಭಿಸದು. ಗೋವೆಯಿಂದಲೂ ಮಹಾರಾಷ್ಟ್ರದ ಕಡೆಯಿಂದಲೂ ಬರುವವರಿರುವುದರಿಂದ ಕೊಂಕಣಿ ಮರಾಠಿ ಬಲ್ಲವರೊಬ್ಬರು ಇದ್ದರೆ ಒಳಿತು. ಚೆನ್ನಬಸವಣ್ಣನವರ ವಚನವನ್ನು ಕನ್ನಡದಲ್ಲಿ ಒಮ್ಮೆ ಓದಿ ತಾತ್ಪರ್ಯವನ್ನು ಅವರ ಮಾತಿನಲ್ಲಿ ಹೇಳಿದರೆ ಕೇಳುವವರ ಮುಖ ಅರಳುತ್ತದೆ.

ಕೂರುವವನ ನಡೆ ಹೇಗಿರಬೇಕು ಎಂಬುದೇ ಮುಖ್ಯ. ಬಂದವನನ್ನು ಯಾರೆಂದು ಅಳೆಯದೆ ಮನೆಯ ಮಗನೆಂದು ಬಗೆಯುವಂತೆ ಮಾಡೆಂದು ಬಸವಣ್ಣನವರು ಕೂಡಲಸಂಗನನ್ನು ಬೇಡಿಕೊಂಡರು. ಬಂದವರನ್ನು ಕುಶಲ ಕೇಳಿ ಕುಳ್ಳಿರಿಸುವ ಸೌಜನ್ಯವಿಲ್ಲದವನ ಭಕ್ತಿಯನ್ನು ಅವರು ಮತ್ತೊಂದು ಕಡೆ ಕಟುವಾಗಿ ಹಳಿದರು. ಈ ಎರಡು ವಚನಗಳನ್ನು ಬಲ್ಲದ ಭಕ್ತನಿಲ್ಲ. ಆದರೂ ಕ್ಷೇತ್ರಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ “ಯಾವ ಊರು, ಯಾರ ಪೈಕಿ?” ಎಂಬುದೇ. ಊರನ್ನು ಕೇಳಿದರೆ ಕೇಳಲಿ. ‘ಯಾರ ಪೈಕಿ’ಯನ್ನು ಬಾಗಿಲಲ್ಲಿ ಕುಳಿತವನು ಬಾಯಿಗೆ ತರಕೂಡದು. “ಬರ್ರಿ, ಕೂಡ್ರಿ, ದಣದು ಬಂದೀರಿ, ನೀರು ಕುಡೀರಿ” ಇಷ್ಟು ಸಾಕು. ಮಾತು ಅವರ ಕಡೆಯಿಂದ ಬರಲಿ. ಯಾರಾದರೂ ಕಣ್ಣು ಮುಚ್ಚಿ ಕುಳಿತರೆ ಹತ್ತಿರ ಹೋಗಿ ಇತಿಹಾಸ ಬಿಚ್ಚುವ ಅಗತ್ಯವಿಲ್ಲ. ಬಲ್ಲವರಿಗೆ ಎಲ್ಲಕ್ಕಿಂತ ಕಷ್ಟವಾದ ಸಾಧನೆ ಇದೇ.

ಎರಡನೆಯದು ಸತ್ಯ. ಶಾಸನದಿಂದ ತಿಳಿದದ್ದು, ವಚನದಿಂದ ತಿಳಿದದ್ದು, ಪುರಾಣದಿಂದ ಬಂದದ್ದು, ಊರ ಬಾಯಿಂದ ಬಂದದ್ದು, ಈ ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡಬಾರದು. ಬಿಜ್ಜಳನಿದ್ದನೆಂಬುದು ಶಾಸನದ ಮಾತು. ಕಾದರವಳ್ಳಿಯ ಕಾಳಗ ಪರಂಪರೆಯ ಮಾತು. ಗವಿಯೊಂದಕ್ಕೆ ಬಂದ ಹೆಸರು ಜನರ ಪ್ರೀತಿಯ ಮಾತು. “ಹಾಗೆಂದು ಹಿರಿಯರು ಹೇಳುತ್ತಾರೆ” ಎಂಬ ಮೂರು ಶಬ್ದ ಸೇರಿಸಿದರೆ ಭಕ್ತಿಗೆ ಏನೂ ಕುಂದಾಗುವುದಿಲ್ಲ. ಕೇಳುವವನಿಗೆ ಹೇಳುವವನ ಮೇಲೆ ನಂಬಿಕೆ ಹೆಚ್ಚುತ್ತದೆ. ಕ್ಷೇತ್ರಮಹಿಮೆಯ ಭರದಲ್ಲಿ ಪವಾಡಗಳನ್ನು ಬೆಳೆಸಿ ಹೇಳುವ ಚಾಳಿ ಪವಾಡವನ್ನು ಒಪ್ಪದ ಶರಣರಿಗೆ ಮಾಡುವ ಅಪಚಾರ.

ಇನ್ನು ಕಠಿಣವಾದ ಪ್ರಶ್ನೆಯೊಂದು ಬಂದೇ ಬರುತ್ತದೆ. ಓದಿದ ತರುಣನೊಬ್ಬ ಕೇಳುತ್ತಾನೆ: ಶರೀರವನ್ನೇ ಗುಡಿಯೆಂದು ಕಂಡು, ಕಟ್ಟಿದ್ದು ಅಳಿಯುತ್ತದೆ, ನಡೆದಾಡುವುದು ಉಳಿಯುತ್ತದೆಂದ ಬಸವಣ್ಣನವರ ಅಳಿಯನಿಗೆ ಗುಡಿಯೇಕೆ, ತೇರೇಕೆ, ಗಂಟೆಯೇಕೆ? ಬಹಳ ಜನ ಈ ಪ್ರಶ್ನೆಗೆ ಸಿಟ್ಟಾಗುತ್ತಾರೆ. ಸಿಟ್ಟಾಗುವ ಕಾರಣವಿಲ್ಲ. ಅದು ಶರಣರದೇ ಪ್ರಶ್ನೆ. ಇದಕ್ಕೆ ಕೆಲವರು ಐಕ್ಯಸ್ಥಳವೆಂಬುದು ದೇವಾಲಯವಲ್ಲ, ನೆನಪಿನ ನೆಲೆ ಎಂದು ಉತ್ತರಿಸುತ್ತಾರೆ. ಕೆಲವರು ಜನರ ಭಕ್ತಿಗೆ ಕಣ್ಣಿಗೆ ಕಾಣುವ ಆಸರೆ ಬೇಕೆನ್ನುತ್ತಾರೆ. ಮತ್ತೆ ಕೆಲವರು ಕಾಲಾಂತರದಲ್ಲಿ ಬಂದು ಸೇರಿದ ಆಚರಣೆ ಇದೆಂದು ನೇರವಾಗಿ ಒಪ್ಪುತ್ತಾರೆ. ಮೂರನ್ನೂ ಹೇಳಿ, ಉತ್ತರವನ್ನು ಅವನಿಗೇ ಬಿಡುವುದು ಲೇಸು. ಜೊತೆಗೆ ಒಂದು ಮಾತು ಹೇಳಬಹುದು: ಸ್ಥಾವರದ ಬಾಗಿಲಲ್ಲಿ ಕುಳಿತ ಮನುಷ್ಯನೇ ಅದಕ್ಕೆ ಜಂಗಮತ್ವವನ್ನು ತಂದುಕೊಡಬಲ್ಲವನು. ಕಲ್ಲು ತನ್ನ ಕಥೆಯನ್ನು ತಾನು ಹೇಳಲಾರದು.

ಆಕ್ಷೇಪಗಳೂ ಇವೆ. ಅವುಗಳಲ್ಲಿ ಒಂದು ಮಾತ್ರ ನಿಜವಾಗಿ ತೂಕದ್ದು. ಉಚಿತವಾಗಿ ಹೇಳುವವರು ಬಯಲುಸೀಮೆಯಿಂದ ಬಂದು ಕುಳಿತರೆ, ದಾರಿ ತೋರಿಸಿ ನಾಲ್ಕು ಕಾಸು ಗಳಿಸಬಹುದಾದ ಸ್ಥಳೀಯ ತರುಣನ ಗತಿಯೇನು? ಜೋಯಿಡಾದ ಈ ಕಾಡು ಕುಣಬಿಗಳ, ಗೌಳಿಗಳ, ಸಿದ್ದಿಗಳ ನೆಲ. ಹುಲಿಗಾಗಿ, ಅಣೆಕಟ್ಟಿಗಾಗಿ ಅವರು ಬಿಟ್ಟುಕೊಟ್ಟದ್ದು ಬಹಳ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು, ಅದರ ಹೆಸರು ಇಂದು ಅಣೆಕಟ್ಟಿಗೆ ಮಾತ್ರ ಉಳಿದಿದೆ. ಈಗ ಅವರ ಬಾಗಿಲಲ್ಲೇ ಬೇರೆಯವರು ಬಂದು ಆತಿಥೇಯರಾಗಿ ಕುಳಿತುಕೊಳ್ಳುವುದು ದಾಸೋಹವಾಗದು. ಆದುದರಿಂದ ಗೆರೆ ಸ್ಪಷ್ಟವಾಗಿರಬೇಕು. ಗುಡಿಯ ಅಂಗಳದಲ್ಲಿ ಕುಳಿತು ಶರಣರ ಚರಿತ್ರೆ ಹೇಳುವುದು ಭಕ್ತನ ಸೇವೆ, ಅದಕ್ಕೆ ಕಾಸಿಲ್ಲ. ಗವಿಗಳಿಗೆ, ಕಾಡಿನ ದಾರಿಗಳಿಗೆ ಕರೆದೊಯ್ಯುವುದು ಆ ನೆಲವನ್ನು ಬಲ್ಲವನ ಕಾಯಕ, ಅದಕ್ಕೆ ತಕ್ಕ ಕೂಲಿ ಸಲ್ಲಲೇಬೇಕು. ಭಕ್ತನು ಪ್ರವಾಸಿಯನ್ನು ಅವನ ಕೈಗೆ ಒಪ್ಪಿಸಬೇಕು, ತಾನೇ ಮುಂದೆ ನಡೆಯಬಾರದು. ಕಾಡಿನಲ್ಲಿ ಯಾವ ಬೇರು ತಿನ್ನಬಹುದು, ಯಾವ ಗೆಡ್ಡೆ ಯಾವ ತಿಂಗಳಿಗೆ ಬಲಿಯುತ್ತದೆ, ಆನೆ ಎಲ್ಲಿ ದಾಟುತ್ತದೆ ಎಂದು ಬಲ್ಲವನು ಕುಣಬಿ. ಎಂಟು ಶತಮಾನದ ಹಿಂದೆ ಬೆನ್ನಟ್ಟಿಸಿಕೊಂಡು ಬಂದ ಶರಣರಿಗೆ ಈ ಕಾಡಿನ ದಾರಿ ತೋರಿದವರೂ ಇಂತಹವರ ಪೂರ್ವಜರೇ ಆಗಿದ್ದಿರಬಹುದೆಂದು ಊಹಿಸುವುದರಲ್ಲಿ ಅಸಹಜವೇನಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯನ್ನು ಬಾಗಿಲಲ್ಲಿ ಕೂರುವವರು ತಮ್ಮ ಮೇಲೇ ಅನ್ವಯಿಸಿಕೊಳ್ಳಬೇಕಾಗುತ್ತದೆ. ಸಂತೋಷಗೊಂಡ ಪ್ರವಾಸಿ ನೂರರ ನೋಟು ಚಾಚುತ್ತಾನೆ. ಅದನ್ನು ಕಾಣಿಕೆಪೆಟ್ಟಿಗೆಯ ಕಡೆಗೆ ತೋರಿಸಬೇಕು. ಹೊಗಳಿಕೆಯೂ ಒಂದು ಬಗೆಯ ಹೆಚ್ಚಿನ ಅಕ್ಕಿಯೇ.

ಉಳಿದ ಅಡಚಣೆಗಳು ದೊಡ್ಡವಲ್ಲ. ಉಳವಿ ದೂರ, ಬಸ್ಸು ಕಡಿಮೆ, ಸೆಕೆ, ಸೊಳ್ಳೆ. ಹುಲಿ ಸಂರಕ್ಷಿತ ಪ್ರದೇಶದ ಕಟ್ಟಳೆಗಳನ್ನು ಪಾಲಿಸಬೇಕು, ಸಂಜೆಯಾದ ಮೇಲೆ ಕಾಡುದಾರಿಯಲ್ಲಿ ಅಲೆಯಬಾರದು, ಪ್ಲಾಸ್ಟಿಕ್ ಬಾಟಲಿ ಎಸೆದು ಹೋಗುವವರನ್ನು ಮೆಲುದನಿಯಲ್ಲಿ ತಡೆಯಬೇಕು. ಚಕ್ಕಡಿಯಲ್ಲಿ ನಾಲ್ಕೈದು ದಿನ ಪಯಣಿಸಿ ಬರುವ ಒಕ್ಕಲುಮಗನ ಮುಂದೆ ಒಂದು ವಾರ ನೆರಳಿನಲ್ಲಿ ಕೂರುವ ಕಷ್ಟ ಹೇಳಿಕೊಳ್ಳುವಂತಹದಲ್ಲ.

ಮೊದಲ ವರ್ಷ ಬೇಕಾಗುವ ಸಾಮಗ್ರಿಯೂ ಅತಿ ಕಡಿಮೆ. ಎರಡು ಚಾಪೆ, ನೀರಿನ ಮಣ್ಣಿನ ಹರವಿ ಒಂದು, ಲೋಟಗಳು, ಚೆನ್ನಬಸವಣ್ಣನವರ ವಚನ ಸಂಪುಟ, ಕೈಯಿಂದ ಬರೆದ ಒಂದು ನಕಾಶೆ, ಒಂದು ಕಸಬರಿಗೆ. ಕಸಬರಿಗೆಯನ್ನು ಕೊನೆಗೆ ಹೇಳಿದರೂ ಬೆಳಗ್ಗೆ ಮೊದಲು ಕೈಗೆ ಬರಬೇಕಾದದ್ದು ಅದೇ. ಇವಲ್ಲದೆ ದಪ್ಪ ರಟ್ಟಿನ ಒಂದು ನೋಟುಪುಸ್ತಕ. ಬಂದವರ ಹೆಸರು, ಜಾತಿ, ಫೋನ್ ನಂಬರು ಬರೆಯುವುದಕ್ಕಲ್ಲ. ಬಂದವರು ಕೇಳಿದ ಪ್ರಶ್ನೆಗಳನ್ನು ಬರೆದಿಡುವುದಕ್ಕೆ. ದಿನದ ಕೊನೆಗೆ, ಉತ್ತರ ಹೇಳಲಾಗದೆ ಹೋದ ಪ್ರಶ್ನೆಗಳ ಕೆಳಗೆ ಗೆರೆ ಎಳೆಯಬೇಕು. ಮಳೆಗಾಲದಲ್ಲಿ ಅಣಶಿಯ ಘಟ್ಟ ಮುಚ್ಚಿ, ಉಳವಿಯ ದಾರಿ ಕೆಸರಾಗಿ, ಪ್ರವಾಸಿಗರು ನಿಂತುಹೋದ ನಾಲ್ಕು ತಿಂಗಳು ಆ ಗೆರೆ ಎಳೆದ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ವಚನ ಸಂಪುಟಗಳನ್ನು ತೆರೆಯಬಹುದು. ಮುಂದಿನ ಬಸವ ಜಯಂತಿಗೆ ಚಾಪೆ ಹಾಸುವವರು ಮೊದಲು ಆ ಪುಸ್ತಕವನ್ನು ಓದಿಕೊಂಡು ಬರಲಿ.